‘ಅಡ್ಜಸ್ಟ್ ಆಗ್ತದೆ’ ಎಂದು ಕಳೆದ ಮೂವತ್ತು ದಿನ

ಜುಲೈ ತಿಂಗಳ ಒಂದು ಸಂಜೆ ಕಾಂದಿವಲಿಯ ನನ್ನ ಕ್ಲಿನಿಕ್ಕಿಗೆ ಅವರನ್ನು ಇಬ್ಬರು ಹಿಡಿದುಕೊಂಡು ಬಂದರು. ಒಂದು ಕಡೆ ಗಂಡ, ಇನ್ನೊಂದು ಕಡೆ ಹೋಟೆಲಿನ ಹುಡುಗ. ಮಳೆ ಜೋರಾಗಿತ್ತು, ರಿಕ್ಷಾ ಬಾಗಿಲ ತನಕ ಬರಲಿಲ್ಲ. ಆ ಹತ್ತು ಹೆಜ್ಜೆಯಲ್ಲೇ ಅವರು ಎರಡು ಸಲ ವಾಲಿದ್ದನ್ನು ಗಾಜಿನ ಈಚೆಯಿಂದ ನೋಡಿದೆ. ಕುರ್ಚಿಯಲ್ಲಿ ಕೂರಿಸಿದ ಮೇಲೆ ನನ್ನ ಮುಖ ದಿಟ್ಟಿಸಿ, ‘ಡಾಕ್ಟ್ರೇ, ನೀವು ಎಂತಕ್ಕೆ ಇಬ್ಬಿಬ್ಬರು ಕೂತಿದ್ದೀರಿ?’ ಎಂದು ಕೇಳಿದರು. ತಮಾಷೆಯ ಹೆಂಗಸು, ಹಾಗಾಗಿ ಗಂಡ ನಗಲು ನೋಡಿದರು. ನಗು ಬರಲಿಲ್ಲ.

ಬೊಜ್ಜಿಗೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಅವರಿಗೆ ಅಂದಿಗೆ 42ನೆಯ ದಿನ. ಆ ದಿನಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಅವರ ಮತ್ತು ಗಂಡನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಮ್ಮ ಊರ ಕಡೆಯ ರೂಢಿಯಂತೆ ನಾನು ಅವರನ್ನು ಕರೆಯುವುದು ‘ಅಕ್ಕ’ ಎಂದು. ಇಲ್ಲೂ ಅದೇ ಹೆಸರು ಇರಲಿ.

ಹಿನ್ನೆಲೆ

ಅಕ್ಕನಿಗೆ 41 ವರ್ಷ. ಕಾರ್ಕಳದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ಹತ್ತೊಂಬತ್ತು ವರ್ಷ. ಗಂಡನದು ಅಂಧೇರಿಯ ಎಂಐಡಿಸಿಯಲ್ಲಿ ಒಂದು ಸಣ್ಣ ಕ್ಯಾಂಟೀನು. ಗಲ್ಲಾದಲ್ಲಿ ಕೂರುವುದು, ಉದ್ರಿ ಪುಸ್ತಕ, ಹಾಲಿನವನ ಬಾಕಿ, ಹುಡುಗರ ಸಂಬಳ ಎಲ್ಲ ಅಕ್ಕನ ತಲೆಯಲ್ಲೇ. ಯಾವ ಕಂಪನಿಯ ಯಾವ ಗಿರಾಕಿ ಎಷ್ಟು ಚಹಾಕ್ಕೆ ದುಡ್ಡು ಕೊಡಬೇಕು ಎಂಬುದಕ್ಕೆ ಅವರಿಗೆ ಪುಸ್ತಕ ಬೇಕಾಗಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎತ್ತರ 156 ಸೆಂಟಿಮೀಟರ್, ತೂಕ 112 ಕಿಲೋ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 46. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ. ರಾತ್ರಿ ಗೊರಕೆ, ನಡುವೆ ಉಸಿರು ಕಟ್ಟುವುದು. ಲೋಕಲ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಇಂಥವರಿಗೆ ಶಸ್ತ್ರಚಿಕಿತ್ಸೆ ಸರಿಯಾದ ಸಲಹೆಯೇ. ಈ ಕಥೆ ಕೇಳಿದವರು ಮೊದಲು ಹೇಳುವುದು ‘ಆಪರೇಷನ್ನೇ ಮಾಡಿಸಬಾರದಿತ್ತು’ ಎಂದು, ಹಾಗಾಗಿ ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ.

ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಪಾಲು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಗಾತ್ರದ ಒಂದು ನಳಿಗೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಕತ್ತರಿಸಿ ತೆಗೆದ ಆ ಭಾಗದಲ್ಲೇ, ಆದ್ದರಿಂದ ಹಸಿವೂ ಇಳಿಯುತ್ತದೆ. ಕರುಳಿಗೆ ಕೈ ಹಚ್ಚುವುದಿಲ್ಲ. ‘ಕರುಳು ಹಾಗೇ ಇರ್ತದೆ, ವಿಟಮಿನ್ ಹೀರಲು ತೊಂದರೆ ಇಲ್ಲ’ ಎಂಬ ಧೈರ್ಯ ಜನರಲ್ಲಿ ಬಂದದ್ದು ಇಲ್ಲಿಂದ. ಕರುಳು ಹೀರಬೇಕಾದರೆ ತಿಂದದ್ದು ಅಲ್ಲಿಯ ತನಕ ಇಳಿಯಬೇಕಲ್ಲ.

ದಿನಗಳ ಲೆಕ್ಕ

ಮೂರನೆಯ ದಿನ ಮನೆಗೆ ಬಂದರು. ಮೊದಲ ಹನ್ನೊಂದು ದಿನ ನೀರಾಹಾರ: ಎಳನೀರು, ಸೋಸಿದ ಸಾರು, ಗಂಜಿಯ ತಿಳಿ. ಊರಿನಲ್ಲಾದರೆ ಕುಚ್ಚಲಕ್ಕಿ ಗಂಜಿ. ಇಲ್ಲಿ ಹೊಟ್ಟೆಗೆ ಹಗುರಾಗಲಿ ಎಂದು ಬೆಳ್ತಿಗೆಯನ್ನು, ಅಂದರೆ ಕುಚ್ಚದ ಬಿಳಿ ಅಕ್ಕಿಯನ್ನು, ನಾಲ್ಕು ನೀರಿನಲ್ಲಿ ತೊಳೆದು ಬೇಯಿಸುತ್ತಿದ್ದರಂತೆ.

12ನೆಯ ದಿನ ಸ್ವಲ್ಪ ದಪ್ಪಗಿನ ಆಹಾರ ಶುರುವಾಯಿತು. ಅಂದೇ ವಾಂತಿಯೂ ಶುರುವಾಯಿತು. ಮೊದಲು ಉಂಡದ್ದು, ಆಮೇಲೆ ಕುಡಿದದ್ದು, ಕಡೆಗೆ ಬರಿ ನೊರೆ. ದಿನಕ್ಕೆ ನಾಲ್ಕೈದು ಸಲ. ಜಗಿಯುವ ವಿಟಮಿನ್ ಮಾತ್ರೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ ಎಂದು 15ನೆಯ ದಿನಕ್ಕೆ ಅದನ್ನೂ ನಿಲ್ಲಿಸಿದರು.

20ನೆಯ ದಿನ ಆಪರೇಷನ್ ಆದ ಆಸ್ಪತ್ರೆಗೆ ಫೋನು. ‘ಎಲ್ಲರಿಗೂ ಹೀಗೇ. ನಿಧಾನ ಕುಡಿಯಿರಿ, ಅಡ್ಜಸ್ಟ್ ಆಗ್ತದೆ.’ 27ನೆಯ ದಿನ ಕರೆಸಿ, ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ತೆಗೆದರು. ಸೋರಿಕೆ ಇಲ್ಲ ಎಂದು ಎಲ್ಲರಿಗೂ ಸಮಾಧಾನ. ಹೊಲಿಗೆ ಸೋರುತ್ತಿದೆಯೇ ಎಂಬುದು ಸರ್ಜನ್ನಿನ ದೊಡ್ಡ ಭಯ. ಅದಕ್ಕೆ ಉತ್ತರ ಸಿಕ್ಕಿತು. ಜಠರದ ಬಾಗಿನಲ್ಲಿ ದಾರಿ ಸ್ವಲ್ಪ ಕಿರಿದಾಗಿದೆ ಎಂದು ವರದಿಯ ಮೂರನೆಯ ಸಾಲಿನಲ್ಲಿತ್ತು. ಅದನ್ನು ನಾನು ಓದಿದ್ದು ಹದಿನೈದು ದಿನ ಕಳೆದ ಮೇಲೆ.

29ನೆಯ ದಿನ ಗಂಡ ನನಗೇ ಫೋನು ಮಾಡಿದ್ದರು. ನಾನು ವಿರಾರ್ ಲೋಕಲಿನಲ್ಲಿ ನಿಂತಿದ್ದೆ, ಅರ್ಧ ಮಾತು ಕೇಳಿಸಿತು. ವಾಂತಿ ಎಂದರು. ಒಂಡಾನ್‌ಸೆಟ್ರಾನ್ ಮಾತ್ರೆ ನಾಲಿಗೆಯ ಮೇಲಿಡಿ ಎಂದೆ. ಎಷ್ಟು ಇಳಿದರು ಎಂದೂ ಕೇಳಿದೆ. ‘ಹದಿನೈದು ಕಿಲೋ ಡಾಕ್ಟ್ರೇ.’ ‘ಭೇಷಾಯ್ತಲ್ಲ ಮಾರಾಯ್ರೆ’ ಎಂದೆ. ಎಷ್ಟು ದಿನದಿಂದ ವಾಂತಿ ಎಂದು ಕೇಳಲಿಲ್ಲ.

36ನೆಯ ದಿನದ ಹೊತ್ತಿಗೆ ಅಂಗಾಲು ಉರಿ. ಬಿಲ್ಡಿಂಗಿನ ಕೆಳಗಿನ ದವಾಖಾನೆಯಲ್ಲಿ ‘ನರದ ಇಂಜೆಕ್ಷನ್’ ಚುಚ್ಚಿದರು. ಅದರಲ್ಲಿದ್ದದ್ದು ಮಿಥೈಲ್‌ಕೋಬಾಲಮಿನ್, ಅಂದರೆ ಬಿ12 ಮಾತ್ರ. ಆದರೆ ಮನೆಯವರ ಲೆಕ್ಕದಲ್ಲಿ ವಿಟಮಿನ್ನಿನ ಕೆಲಸ ಮುಗಿದಿತ್ತು. ಸುಸ್ತು ಹೆಚ್ಚಿ 39 ಮತ್ತು 40ನೆಯ ದಿನ ಒಂದು ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಚ್ಚಿದರು, ಎರಡು ದಿನದಲ್ಲಿ ನಾಲ್ಕು ಬಾಟಲಿ. ಮನೆಗೆ ಬಂದ ರಾತ್ರಿಯೇ ಮಾತು ಹಳಿ ತಪ್ಪಿತು. ಮೂರು ಗಂಟೆಗೆ ಎದ್ದು ಸೀರೆ ಮಡಚುತ್ತಾ, ‘ಅಮ್ಮ ಮತ್ಸ್ಯಗಂಧಾದಲ್ಲಿ ಬರ್ತಾ ಇದ್ದಾರೆ, ಕುರ್ಲಾಕ್ಕೆ ಹೋಗ್ಬೇಕು’ ಎಂದರಂತೆ. ತಾಯಿ ತೀರಿಕೊಂಡು ನಾಲ್ಕು ವರ್ಷ. ಊರಿನಿಂದ ಚಿಕ್ಕಮ್ಮ ಫೋನಿನಲ್ಲಿ ದೈವಕ್ಕೆ ಹರಕೆ ಹೇಳಿಕೊಳ್ಳಲು ಹೇಳಿದರು, ಗಂಡ ಹೇಳಿಕೊಂಡರು. ಮರುದಿನ ಸಂಜೆ ನನ್ನಲ್ಲಿಗೆ ಬಂದರು.

ಪರೀಕ್ಷೆಯಲ್ಲಿ ಕಂಡದ್ದು

ತೂಕ 93. ನಾಡಿ ನಿಮಿಷಕ್ಕೆ 118, ಜ್ವರವಿಲ್ಲ. ಬೆರಳು ತೋರಿಸಿ ಬದಿಗೆ ನೋಡಲು ಹೇಳಿದರೆ ಎರಡೂ ಕಣ್ಣು ಹೊರಮೂಲೆಯ ತನಕ ಹೋಗದೆ ಅರ್ಧದಲ್ಲಿ ನಿಲ್ಲುತ್ತಿದ್ದವು, ನಿಂತಲ್ಲೇ ಅದುರುತ್ತಿದ್ದವು. ಕಣ್ಣಿನ ಆ ಅದುರಾಟಕ್ಕೆ ನಿಸ್ಟಾಗ್ಮಸ್ ಎನ್ನುತ್ತಾರೆ. ನಿಲ್ಲಿಸಿದರೆ ಕಾಲು ಅಗಲಿಸಿ, ಹಡಗಿನ ಮೇಲೆ ನಿಂತವರ ಹಾಗೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದರೆ ಪಾದ ಅಲುಗಲಿಲ್ಲ. ಇವತ್ತು ಯಾವ ವಾರ ಎಂದರೆ ನಕ್ಕರು. ಬೆಳಗ್ಗೆ ಎಂತ ತಿಂದಿರಿ ಎಂದರೆ ‘ನೀರುದೋಸೆ’ ಎಂದರು. ಮೂರು ವಾರದಿಂದ ದೋಸೆಯ ತುಂಡು ಗಂಟಲಿಳಿದಿರಲಿಲ್ಲ.

ಆಗ ಕೇಳಿದೆ: ವಾಂತಿ ಎಷ್ಟು ದಿನದಿಂದ? ಗಂಡ ಬೆರಳು ಮಡಚಿ ಎಣಿಸಿದರು. ಮೂವತ್ತು ದಿನ.

ನಮ್ಮ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಹೆಚ್ಚೆಂದರೆ 30 ಮಿಲಿಗ್ರಾಂ. ದಿನದ ಖರ್ಚು ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು. ಒಳಗೆ ಏನೂ ಹೋಗದಿದ್ದರೆ ಎರಡು ಮೂರು ವಾರದಲ್ಲಿ ಡಬ್ಬಿ ಖಾಲಿ. ಬಿ12 ಹಾಗಲ್ಲ, ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಇರುತ್ತದೆ. ಅಕ್ಕನಿಗೆ ತೀರಿಹೋದದ್ದು ಒಂದು, ಚುಚ್ಚಿದ್ದು ಇನ್ನೊಂದು.

ಗ್ಲೂಕೋಸನ್ನು ಉರಿಸಿ ಶಕ್ತಿ ಮಾಡುವ ಕೆಲಸದಲ್ಲಿ ಕೆಲವು ಮುಖ್ಯ ಕಿಣ್ವಗಳಿಗೆ ಥಯಾಮಿನ್ ಬೇಕೇ ಬೇಕು. ಅದಿಲ್ಲದ ಮೆದುಳಿಗೆ ಗ್ಲೂಕೋಸ್ ಸುರಿಯುವುದೆಂದರೆ ಆರುತ್ತಿರುವ ಒಲೆಗೆ ಸೌದೆ ತುರುಕಿದಂತೆ: ಬೆಂಕಿ ಏಳುವುದಿಲ್ಲ, ಹೊಗೆ ತುಂಬುತ್ತದೆ. ಇಲ್ಲಿ ಆ ಹೊಗೆ ಲ್ಯಾಕ್ಟಿಕ್ ಆಮ್ಲ. ಉಳಿದಿದ್ದ ಚೂರುಪಾರು ಥಯಾಮಿನ್ ಕೂಡ ಆ ಸೌದೆಗೇ ಖರ್ಚಾಗುತ್ತದೆ. ನಾಲ್ಕು ಬಾಟಲಿಯ ನಂತರದ ರಾತ್ರಿ ಮಾತು ತಪ್ಪಿದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಆ ನರ್ಸಿಂಗ್ ಹೋಮಿನವರು ಮಾಡಿದ್ದು ಈ ಊರಿನಲ್ಲಿ ಸುಸ್ತಾದ ಯಾರಿಗಾದರೂ ಮಾಡುವುದನ್ನೇ.

ಈ ಕಾಯಿಲೆಗೆ ವರ್ನಿಕೆ ಎನ್ಸೆಫಲೋಪತಿ ಎಂದು ಹೆಸರು. ಕಣ್ಣಿನ ಚಲನೆ ಕೆಡುವುದು, ನಡಿಗೆ ತಪ್ಪುವುದು, ಬುದ್ಧಿ ಮಂಕಾಗುವುದು ಎಂಬ ಮೂರು ಲಕ್ಷಣ ಪಠ್ಯದಲ್ಲಿವೆ. ಮೂರೂ ಒಟ್ಟಿಗೆ ಸಿಗುವುದು ಕಡಿಮೆ ಮಂದಿಯಲ್ಲಿ. ಕಾಯುತ್ತಾ ಕೂತರೆ ತಪ್ಪಿಹೋಗುತ್ತದೆ. 1997ರಲ್ಲಿ ಕುಡಿತದ ರೋಗಿಗಳಿಗಾಗಿ ಬಂದ ಮಾನದಂಡದಲ್ಲಿ ಈ ಮೂರರ ಜೊತೆ ಪೋಷಣೆಯ ಕೊರತೆಯನ್ನೂ ಸೇರಿಸಿ, ನಾಲ್ಕರಲ್ಲಿ ಎರಡಿದ್ದರೆ ಸಾಕು ಎಂದರು. ಅಕ್ಕನಿಗೆ ನಾಲ್ಕೂ ಇದ್ದವು.

ಕುಡಿತದ ಮಾತು ಬಂತು. ನಾವು ಓದುವಾಗ ಈ ಕಾಯಿಲೆ ಎಂದರೆ ಕುಡುಕರದ್ದು, ಅಷ್ಟೇ. ಆದರೆ ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ 1881ರಲ್ಲಿ ವಿವರಿಸಿದ ಮೂವರು ರೋಗಿಗಳಲ್ಲಿ ಒಬ್ಬಳು ಹೊಲಿಗೆ ಕೆಲಸದ ಎಳೆ ಪ್ರಾಯದ ಹೆಂಗಸು. ಗಂಧಕಾಮ್ಲ ಕುಡಿದು ಜಠರದ ಕೆಳಬಾಯಿ ಕಿರಿದಾಗಿ, ವಾಂತಿ ನಿಲ್ಲದೆ, ಈ ಸ್ಥಿತಿಗೆ ಬಂದು ಸತ್ತಳು. ಜಠರದ ದಾರಿ ಕಿರಿದಾಗಿದೆ, ವಾರಗಟ್ಟಲೆ ವಾಂತಿ, ಆಮೇಲೆ ಕಣ್ಣು. ಹಾಲು ಬಿಟ್ಟು ಬೇರೆ ಬಿಳಿಯದನ್ನು ಕುಡಿಯದ ನಮ್ಮ ಅಕ್ಕನ ಕಥೆ ಮೊದಲ ವರದಿಯಲ್ಲೇ ಇತ್ತು.

ಅದೇ ರಾತ್ರಿ

ನನ್ನ ಕ್ಲಿನಿಕ್ಕಿನಲ್ಲಿ ಥಯಾಮಿನ್ ಇರಲಿಲ್ಲ. ಹೋಟೆಲಿನ ಹುಡುಗ ಮಳೆಯಲ್ಲೇ ಓಡಿದ. ಮೊದಲ ಎರಡು ಮೆಡಿಕಲ್ ಅಂಗಡಿಯವರು ಕೊಟ್ಟು ಕಳಿಸಿದ್ದು ಮತ್ತೆ ಬಿ12; ಶೀಶೆಯ ಮೇಲಿನ ಸಣ್ಣಕ್ಷರ ಓದಿ ವಾಪಸು ಕಳಿಸಿದೆ. ಹುಡುಕುತ್ತಾ ಕೂರುವ ಹೊತ್ತಲ್ಲ ಎಂದು, ಐಸಿಯು ಇರುವ ಒಂದು ಆಸ್ಪತ್ರೆಗೆ ಫೋನು ಮಾಡಿ ಅವರಲ್ಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಕಳಿಸಿದೆ. ಚೀಟಿಯಲ್ಲಿ ದಪ್ಪಗೆ ಬರೆದೆ: ‘ಮೊದಲು ಥಯಾಮಿನ್. ಅಲ್ಲಿಯ ತನಕ ಗ್ಲೂಕೋಸ್ ಬೇಡ.’ ಗಂಡನಿಗೆ ಬಾಯಲ್ಲೂ ಹೇಳಿದೆ, ಯಾರು ಬಾಟಲಿ ನೇತುಹಾಕಿದರೂ ಇದನ್ನು ತೋರಿಸಿ ಎಂದು. ಹೇಳಿದ್ದು ಒಳ್ಳೆಯದಾಯಿತು. ಕ್ಯಾಶುಯಾಲ್ಟಿಯಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಬಾಟಲಿ ಸ್ಟ್ಯಾಂಡಿಗೆ ಏರಿಯಾಗಿತ್ತಂತೆ. ಇವರು ಚೀಟಿ ಹಿಡಿದು ನಿಂತರು.

ಅಲ್ಲಿ ಇನ್ನೊಂದು ಚರ್ಚೆ ನಡೆಯಿತು. ನರರೋಗ ವಿಭಾಗದ ಯುವ ವೈದ್ಯರು ಮಿಲ್ಲರ್ ಫಿಷರ್ ಸಿಂಡ್ರೋಮ್ ಇರಬಹುದೇ ಎಂದರು. ಕಣ್ಣಿನ ಸ್ನಾಯು ಸೋಲುವುದು, ತೂರಾಟ, ಸುತ್ತಿಗೆಗೆ ನರ ಸ್ಪಂದಿಸದಿರುವುದು ಆ ಕಾಯಿಲೆಯ ಲಕ್ಷಣಗಳೇ; ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಗ್ಯುಲೆನ್ ಬಾರೆ ಕಾಯಿಲೆಯ ಸೋದರ ಅದು. ಅದಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್‌ಗೆ ಲಕ್ಷಗಳಲ್ಲಿ ಖರ್ಚು. ಅವರ ಅನುಮಾನ ಅಸಡ್ಡೆಯದಲ್ಲ. ಆದರೆ ಮಿಲ್ಲರ್ ಫಿಷರ್‌ನಲ್ಲಿ ಸಾಮಾನ್ಯವಾಗಿ ಬುದ್ಧಿ ಸ್ವಚ್ಛವಾಗಿರುತ್ತದೆ, ತೀರಿಹೋದ ಅಮ್ಮ ರೈಲಿನಲ್ಲಿ ಬರುವುದಿಲ್ಲ. ಮತ್ತೆ, ಆ ಮೂವತ್ತು ದಿನ ಇತ್ತಲ್ಲ. ರಕ್ತದ ಮಾದರಿ ತೆಗೆದಿಟ್ಟುಕೊಂಡು, ವರದಿಗೆ ಕಾಯದೆ, ಥಯಾಮಿನ್ 500 ಮಿಲಿಗ್ರಾಂ ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ ಬಿಟ್ಟರು. ದಿನಕ್ಕೆ ಮೂರು ಸಲ. ಬಾಯಿಯ ಮಾತ್ರೆ ಈ ಹಂತದಲ್ಲಿ ಸಾಲದು, ಕರುಳು ಒಂದು ಸಲಕ್ಕೆ ಹೀರುವುದು ಕೆಲವೇ ಮಿಲಿಗ್ರಾಂ.

ಪೊಟ್ಯಾಸಿಯಂ 2.8, ಮೆಗ್ನೀಸಿಯಂ 1.1, ಎರಡೂ ಕಡಿಮೆ. ಎರಡನೆಯದು ಮುಖ್ಯ. ಮೆಗ್ನೀಸಿಯಂ ಇಲ್ಲದಿದ್ದರೆ ಕೊಟ್ಟ ಥಯಾಮಿನ್ ಕೆಲಸಕ್ಕೆ ಹತ್ತುವುದಿಲ್ಲ, ಹಾಗಾಗಿ ಅದನ್ನೂ ತುಂಬಿದರು. ಎಂಆರ್‌ಐಯಲ್ಲಿ ಮೆದುಳಿನ ಆಳದಲ್ಲಿರುವ ಥಲಾಮಸ್ಸಿನ ಒಳಬದಿಗಳು ಎರಡೂ ಕಡೆ ಒಂದೇ ರೀತಿ ಬೆಳ್ಳಗೆ ಹೊಳೆಯುತ್ತಿದ್ದವು, ನಡುಮೆದುಳಿನ ನಾಲೆಯ ಸುತ್ತಲೂ ಹಾಗೇ. ಚಿತ್ರ ಹೀಗೆ ಸ್ಪಷ್ಟವಾಗಿ ಸಿಕ್ಕದ್ದು ಅದೃಷ್ಟ. ಇಂಥ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಯ ಸ್ಕ್ಯಾನು ಏನೂ ಇಲ್ಲ ಎಂದು ಬರುತ್ತದೆ, ಹಾಗೆ ಬಂತೆಂದು ಥಯಾಮಿನ್ ನಿಲ್ಲಿಸುವಂತಿಲ್ಲ. ರಕ್ತದ ಥಯಾಮಿನ್ ವರದಿ ಕೈಗೆ ಬಂದದ್ದು ಎಂಟು ದಿನ ಕಳೆದು, ಕಡಿಮೆ ಎಂದಿತ್ತು. ಅಷ್ಟರಲ್ಲಿ ಅಕ್ಕ ವಾಕರ್ ಹಿಡಿದು ವಾರ್ಡಿನಲ್ಲಿ ಓಡಾಡುತ್ತಿದ್ದರು.

ಕಣ್ಣು ಬೇಗ ತಿರುಗಿತು. ಮರುದಿನ ಬೆಳಗ್ಗೆ ನಾನು ಹೋದಾಗ ಎಡಗಣ್ಣು ಹೊರಮೂಲೆಯ ತನಕ ಹೋಗುತ್ತಿತ್ತು. ‘ಈಗ ಒಬ್ಬರೇ ಇದ್ದೀರಿ’ ಎಂದರು. ನಾಲ್ಕನೆಯ ದಿನಕ್ಕೆ ಎರಡೂ ಸರಿ. ಅದುರಾಟ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಆಮೇಲೆ ಎಂಡೋಸ್ಕೋಪಿ ಮಾಡಿ, ಕಿರಿದಾದ ಬಾಗನ್ನು ಬಲೂನಿನಿಂದ ಎರಡು ಸಲ ಹಿಗ್ಗಿಸಿದರು. ವಾಂತಿ ನಿಂತಿತು. ಎಕ್ಸ್‌ರೇ ವರದಿಯ ಮೂರನೆಯ ಸಾಲಿನಲ್ಲಿದ್ದದ್ದು ಅದೇ ಬಾಗು.

ಗಂಜಿಯ ಪ್ರಶ್ನೆ

ಬೆಳ್ತಿಗೆ ಅಕ್ಕಿಯ ಗಂಜಿ ಕೊಟ್ಟದ್ದರಿಂದಲೇ ಹೀಗಾಯಿತೇ ಎಂದು ಗಂಡ ನನ್ನನ್ನು ಮೂರು ಸಲ ಕೇಳಿದರು. ತಪ್ಪು ತನ್ನದೇ ಆಗಿದ್ದರೆ ಮನಸ್ಸಿಗೆ ಒಂದು ಥರದ ಸಮಾಧಾನ ಇರಬೇಕು. ಪ್ರಶ್ನೆ ಹುಸಿಯಲ್ಲ. ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪಾಲಿಷ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡದ್ದು, ತೌಡು ತಿನ್ನಿಸಿದರೆ ಅವು ಎದ್ದು ನಿಂತದ್ದು, ಆ ಕೆಲಸಕ್ಕೆ 1929ರ ನೊಬೆಲ್ ಬಂದದ್ದು ಎಲ್ಲ ಇದೇ ಥಯಾಮಿನ್ನಿನ ಕಥೆ. 1936ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ. ಭತ್ತವನ್ನು ಕುಚ್ಚುವಾಗ ತೌಡಿನಲ್ಲಿರುವ ಬಿ1 ಕಾಳಿನೊಳಗೆ ಇಳಿಯುತ್ತದೆ, ಆದ್ದರಿಂದ ಕುಚ್ಚಲಕ್ಕಿಯಲ್ಲಿ ಅದು ಉಳಿಯುತ್ತದೆ. ಬೆಳ್ತಿಗೆಯಲ್ಲಿ ಇರುವ ಅಲ್ಪಸ್ವಲ್ಪವೂ ತೊಳೆದ ನೀರಿನಲ್ಲಿ ಹೋಗುತ್ತದೆ. ಆದರೆ ದಿನಕ್ಕೆ ಐದು ಸಲ ವಾಂತಿಯಾಗುವವರಿಗೆ ಯಾವ ಅಕ್ಕಿಯ ತಿಳಿಯೂ ಸಾಲುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು 20ನೆಯ ದಿನದ ಆ ಫೋನಿನಲ್ಲಿ ‘ಈಗಲೇ ಬನ್ನಿ’ ಎಂಬ ಮಾತು, ಒಂದು ಥಯಾಮಿನ್ ಚುಚ್ಚುಮದ್ದು. 29ನೆಯ ದಿನದ ನನ್ನ ಫೋನಿನಲ್ಲಾದರೂ ಆಗುತ್ತಿತ್ತು. ಇದನ್ನು ಅವರಿಗೆ ಹಾಗೆಯೇ ಹೇಳಿದೆ. ಅವರು ಸುಮ್ಮನಿದ್ದರು.

ಈಗ ನನ್ನ ರೂಢಿ ಬದಲಾಗಿದೆ. ಇಂಥ ಆಪರೇಷನ್ ಆದವರು ಮೂರು ದಿನದ ವಾಂತಿ ಎಂದರೆ ಥಯಾಮಿನ್ ಚುಚ್ಚಿಯೇ ಮಾತು ಮುಂದುವರಿಸುತ್ತೇನೆ, ಗ್ಲೂಕೋಸ್ ಬೇಕಾದರೆ ಅದರ ನಂತರ. ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಹತ್ತು ಶೀಶೆ ಇರುತ್ತವೆ.

ಮುಂದಿನ ದಾರಿ

ಏಳು ತಿಂಗಳ ನಂತರ ತೂಕ 76. ಸಕ್ಕರೆಯ ಮಾತ್ರೆ ನಿಂತಿದೆ, ಗೊರಕೆ ಇಲ್ಲ, ಸ್ಟೇಷನ್ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಾರೆ. ನಡಿಗೆ ಸ್ವಲ್ಪ ಅಗಲ. ಅಂಗಾಲಿನ ಉರಿ ರಾತ್ರಿ ಮಾತ್ರ. ಉದ್ದದ ನರಗಳು ತುದಿಯಿಂದ ಸೊರಗಿದ್ದು, ಚಿಗುರಲು ಕಾಲ ಬೇಕು. ಪೂರ್ತಿ ತಿರುಗಿ ಬರದೆ ಉಳಿದದ್ದು ನೆನಪು. ಹತ್ತು ವರ್ಷ ಹಿಂದಿನ ಗಿರಾಕಿಯ ಹೆಸರು ಸರಾಗ. ನಿನ್ನೆ ಹಾಲಿನವನಿಗೆ ದುಡ್ಡು ಕೊಟ್ಟದ್ದು ಇಲ್ಲ. ಕೆಲವೊಮ್ಮೆ ಇಲ್ಲದ್ದನ್ನು ಇದೆ ಎಂದು ಧೈರ್ಯವಾಗಿ ಹೇಳುತ್ತಾರೆ. ಸುಳ್ಳಲ್ಲ ಅದು, ನೆನಪಿನ ತೂತಿಗೆ ಮೆದುಳು ತಾನೇ ಹಾಕುವ ತೇಪೆ. ನೆನಪಿನ ಈ ತೊಂದರೆಗೆ ಕೊರ್ಸಕೋಫ್ ಸಿಂಡ್ರೋಮ್ ಎಂದು ಹೆಸರು; ಅಕ್ಕನದು ಅದರ ಸೌಮ್ಯ ರೂಪ. ಗಲ್ಲಾಕ್ಕೆ ಮತ್ತೆ ಕೂತಿದ್ದಾರೆ, ಒಂದು ಉದ್ದದ ನೋಟುಪುಸ್ತಕದ ಜೊತೆ. ಚಹಾ ಹೋದ ಕೂಡಲೇ ಬರೆಯುತ್ತಾರೆ.

ನರಗಳ ಮಟ್ಟಿಗೆ ಇನ್ನೂ ಕಾಯಬೇಕಾದ ವಿಷಯಗಳಿವೆ. ಬಿ12 ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಾಗುವುದು ಜಠರದಲ್ಲೇ, ಅದರಲ್ಲಿ ಬಹುಪಾಲು ಈಗ ಇಲ್ಲ. ಅವರು ವರ್ಷಗಟ್ಟಲೆ ತಿಂದ ಮೆಟ್‌ಫಾರ್ಮಿನ್ನೂ ಬಿ12 ಇಳಿಸುತ್ತದೆ. ಯಕೃತ್ತಿನ ದಾಸ್ತಾನು ಮುಗಿದು ಬೆನ್ನುಹುರಿಗೆ ಪೆಟ್ಟು ಬೀಳುವುದು ವರ್ಷಗಳ ನಂತರ, ಆಪರೇಷನ್ನನ್ನು ಎಲ್ಲರೂ ಮರೆತ ಮೇಲೆ. ತಾಮ್ರದ ಕೊರತೆಯೂ ಹುಬೇಹೂಬು ಅದೇ ರೀತಿ ಕಾಣುತ್ತದೆ. ಕೂದಲು ಉದುರುತ್ತದೆಂದು ಕೈತುಂಬ ಜಿಂಕ್ ಮಾತ್ರೆ ತಿಂದರೆ ತಾಮ್ರ ಇನ್ನಷ್ಟು ಇಳಿಯುತ್ತದೆ. ಮೊಣಕಾಲಿನ ಹೊರಬದಿಯ ಕೊಬ್ಬಿನ ಮೆತ್ತೆ ಕರಗಿದವರು ಕಾಲ ಮೇಲೆ ಕಾಲು ಹಾಕಿ ಗಂಟೆಗಟ್ಟಲೆ ಕೂತರೆ ನರ ಒತ್ತಿ ಪಾದ ಜೋತುಬೀಳುವುದೂ ಉಂಟು. ಗಲ್ಲಾದಲ್ಲಿ ಕೂರುವವರಿಗೆ ಇದನ್ನು ಹೇಳಲೇಬೇಕು.

ಹೋದ ವಾರ ಬಂದಾಗ ಇದನ್ನೆಲ್ಲ ಹೇಳಿ, ಕೂದಲಿಗೆಂದು ಜಿಂಕ್ ಮಾತ್ರೆ ನಮ್ಮನ್ನು ಕೇಳದೆ ತೆಗೆದುಕೊಳ್ಳಬೇಡಿ ಎಂದೆ.

‘ಇದನ್ನು ನೀವು ಕಳೆದ ಸಲವೂ ಹೇಳಿದ್ರಿ ಡಾಕ್ಟ್ರೇ’ ಎಂದರು ಅಕ್ಕ.

ಹೇಳಿದ್ದೆ, ನಿಜ. ಗಂಡ ನನ್ನ ಮುಖ ನೋಡಿದರು. ನೋಟುಪುಸ್ತಕ ಅಕ್ಕನ ಮಡಿಲಲ್ಲಿತ್ತು. ತೆರೆದಿತ್ತೋ ಮುಚ್ಚಿತ್ತೋ ನಾನು ಗಮನಿಸಿರಲಿಲ್ಲ.